ಖಾಲಿ ಮನೆ

ಶಿವಾಜಿನಗರದ ನಮ್ಮ ಮನೆಗೆ ಒಬ್ಬ ಕೊರಿಯನ್ ಹುಡುಗ ಇಂಗ್ಲಿಷ್ ಕಲಿಯಲು ಬರುತ್ತಿದ್ದ. ಒಂದು ದಿನ 'ಎಂಪ್ಟಿ'ಗೂ 'ವೇಕೆಂಟ್'ಗೂ ಏನು ವ್ಯತ್ಯಾಸವೆಂದು ಕೇಳಿದ. ಅವನ ಭಾಷೆಯಲ್ಲಿ ಬರಿದಾದ ಪೆಟ್ಟಿಗೆಗೂ ಯಾರೂ ಇಲ್ಲದ ಮನೆಗೂ 'ಬಿನ್' ಎಂಬ ಒಂದೇ ಮಾತು.

ನಾನೂ ತಡವರಿಸಿದೆ. ನಮಗೂ ಎರಡೂ 'ಖಾಲಿ'ಯೇ. ಅರಬಿಯಿಂದ ಬಂದ ಈ ಪದದ ಊರು ಯಾವುದೆಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ. ಹಾಗೆಯೇ ನಮ್ಮ 'ಶೂನ್ಯ' ಅರಬರಲ್ಲಿಗೆ ಹೋಗಿ, ಬರಿದು ಎಂಬ ಅರ್ಥದ 'ಸಿಫ್ರ್' ಆಯಿತು. 1202ರಲ್ಲಿ ಫಿಬೊನಾಚಿಯ ಲೆಕ್ಕದ ಪುಸ್ತಕದಲ್ಲಿ 'ಝೆಫಿರಮ್' ಆಗಿ, ಮುಂದೆ ಇಂಗ್ಲಿಷಿನ 'ಝೀರೋ' ಆಯಿತು. ಪದಗಳಿಗೆ ಹೋದಲ್ಲೆಲ್ಲ ಮನೆ ಸಿಗುತ್ತದೆ.

"ಒಳಗೆ ಏನೂ ಇಲ್ಲದ್ದು ಎಂಪ್ಟಿ. ಬರುವವರಿಗಾಗಿ ತೆರವಾಗಿರುವುದು ವೇಕೆಂಟ್" ಎಂದೆ.

ಹೇಳುವಾಗಲೇ ಇಂದಿರಾನಗರದ ಒಂದು ಗೇಟು ನೆನಪಾಯಿತು. ಅಣ್ಣನ ಮದುವೆಯಾದ ಮೇಲೆ ನಮ್ಮ ಮನೆ ಸಾಲದೆ, ಅಬ್ಬಾನ ಜೊತೆ ಬಾಡಿಗೆ ಮನೆ ಹುಡುಕಲು ಹೋಗಿದ್ದೆ. 'ಮನೆ ಖಾಲಿ ಇದೆ' ಎಂಬ ಬೋರ್ಡು ತೂಗುತ್ತಿತ್ತು. ಮನೆಯೊಡತಿ ಕೋಣೆಗಳನ್ನೆಲ್ಲ ತೋರಿಸಿದರು, ಅಡ್ವಾನ್ಸ್ ಎಷ್ಟೆಂದೂ ಹೇಳಿದರು. ಕೊನೆಗೆ ಹೆಸರು ಕೇಳಿದರು. ಅಬ್ಬಾ ಹೇಳಿದರು.

"ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ, ನಿನ್ನೆಯೇ ಯಾರಿಗೋ ಮಾತು ಕೊಟ್ಟಾಗಿದೆ."

ಎರಡು ತಿಂಗಳ ನಂತರ ಅದೇ ದಾರಿಯಲ್ಲಿ ಹೋದಾಗಲೂ ಬೋರ್ಡು ಅಲ್ಲೇ ಇತ್ತು. ಅಬ್ಬಾ ಅತ್ತ ನೋಡದೆ ನಡೆದರು.

ಹುಡುಗ ಒಂದು ಉದಾಹರಣೆ ಕೇಳಿದ. "ಆ ಮನೆ ಎಂಪ್ಟಿ ಆಗಿತ್ತು, ವೇಕೆಂಟ್ ಆಗಿರಲಿಲ್ಲ" ಎಂದೆ.

ಬರೆದುಕೊಂಡು, ಸ್ವಲ್ಪ ಹೊತ್ತು ಯೋಚಿಸಿ, "ಅವರಿಗೆ ಬಾಡಿಗೆ ಬೇಡವಾಗಿತ್ತೇ?" ಎಂದು ಕೇಳಿದ.

ಬೇಕಾಗಿತ್ತು ಎಂದೆ.