ನದಿಯಿಲ್ಲದ ನಾಡು ಯುಕಟಾನ್

ಮೆಕ್ಸಿಕೋದ ಭೂಪಟ ತೆರೆದು ನೋಡಿ. ಪೂರ್ವ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಪರ್ಯಾಯ ದ್ವೀಪವೊಂದಿದೆ. ಅದರ ಉತ್ತರ ಭಾಗವೇ ಯುಕಟಾನ್ ರಾಜ್ಯ. ಇಲ್ಲಿ ಮಳೆಗೆ ಕೊರತೆಯಿಲ್ಲ. ಆದರೂ ನೆಲದ ಮೇಲೆ ಹರಿಯುವ ನದಿಯೇ ಇಲ್ಲ! ಹಾಗಾದರೆ ಬಿದ್ದ ನೀರೆಲ್ಲ ಎಲ್ಲಿಗೆ ಹೋಗುತ್ತದೆ?

ಇಲ್ಲಿನ ನೆಲ ಸುಣ್ಣಕಲ್ಲಿನದು. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಅದು ಕಲ್ಲನ್ನು ಕರಗಿಸುತ್ತ ಕೆಳಗಿಳಿದು ಗುಹೆಗಳನ್ನು ಕೊರೆಯುತ್ತದೆ. ಗುಹೆಯ ಛಾವಣಿ ಕುಸಿದಲ್ಲಿ ನೀರು ತುಂಬಿದ ಸಹಜ ಬಾವಿ ಕಾಣಿಸುತ್ತದೆ. ಇದೇ ‘ಸೆನೋಟೆ’. ಇಂಥ ಅನೇಕ ಬಾವಿಗಳು ಕಮಾನಿನಂತೆ ಸಾಲುಗಟ್ಟಿವೆ. 6.6 ಕೋಟಿ ವರ್ಷಗಳ ಹಿಂದೆ ಚಿಕ್ಸುಲೂಬ್‌ನಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹ ತೋಡಿದ, ಈಗ ನೆಲದಡಿ ಹೂತುಹೋಗಿರುವ ಕುಳಿಯ ಅಂಚನ್ನು ಅವು ತೋರಿಸುತ್ತವೆ. ಡೈನೋಸಾರ್‌ಗಳ ಅಳಿವಿಗೆ ಕಾರಣವಾದದ್ದು ಈ ಹೊಡೆತವೇ.

ಮಾಯಾ ಜನರು ನೀರಿದ್ದಲ್ಲಿ ಊರು ಕಟ್ಟಿದರು. ಚಿಚೆನ್ ಇಟ್ಸಾ ಎಂದರೆ ‘ಇಟ್ಸಾ ಜನರ ಬಾವಿಯ ಬಾಯಿ’. ಅಲ್ಲಿನ ಪವಿತ್ರ ಬಾವಿಗೆ ಚಿನ್ನ, ಹಸಿರುಕಲ್ಲು ಮಾತ್ರವಲ್ಲ, ಮನುಷ್ಯರನ್ನೂ ಅರ್ಪಿಸುತ್ತಿದ್ದರು. 1542ರಲ್ಲಿ ಸ್ಪೇನಿನವರು ಮಾಯಾ ಊರೊಂದರ ಮೇಲೆ ಇಂದಿನ ರಾಜಧಾನಿ ಮೆರಿಡಾ ನಗರವನ್ನು ಕಟ್ಟಿದರು. ಆದರೆ ಮಾಯಾ ಭಾಷೆ ಅಳಿಯಲಿಲ್ಲ. ಮಳೆದೇವರು ಚಾಕ್‌ನನ್ನೂ ಜನ ಮರೆಯಲಿಲ್ಲ. ಹಳ್ಳಿಗಳ ಮೆಕ್ಕೆಜೋಳದ ರೈತರು ಇಂದಿಗೂ ಮಳೆಗಾಗಿ ಅವನನ್ನು ಪೂಜಿಸುತ್ತಾರೆ.

ಸೋಸಲು ಇಲ್ಲಿ ದಪ್ಪ ಮಣ್ಣಿಲ್ಲ. ಮಳೆನೀರು ಇಳಿಯುವ ಬಿರುಕಿನಲ್ಲೇ ಊರಿನ ಕೊಳಚೆ, ಹಂದಿಸಾಕಣೆಯ ಹೊಲಸು ಕೂಡ ಇಳಿಯುತ್ತವೆ. ನೆಲದಡಿಯ ನೀರು ಕೆಟ್ಟರೆ ಯುಕಟಾನಿನ ಜನ ತಿರುಗಿ ನೋಡಲು ಬೇರೊಂದು ಹೊಳೆಯಿಲ್ಲ.