ಹಳದಿ ಮೆಕಲಕ್‌ನ ಗಡಸು ದನಿ

1968ರಲ್ಲಿ ಲಂಡನ್ ನಗರ ತನ್ನ ಹಳೆಯ ಸೇತುವೆಯನ್ನು ಮಾರಿದಾಗ ಅದನ್ನು ಕೊಂಡವನು ಮರ ಕೊಯ್ಯುವ ಮೆಷಿನ್ ಮಾಡುವವನು. ರಾಬರ್ಟ್ ಮೆಕಲಕ್ ಎಂಬ ಈ ಅಮೆರಿಕನ್ ಉದ್ಯಮಿ ಸುಮಾರು 25 ಲಕ್ಷ ಡಾಲರಿಗೆ ಅದನ್ನು ಕೊಂಡು, ಸೇತುವೆಯ ಕಲ್ಲುಗಳಿಗೆ ನಂಬರ್ ಹಾಕಿಸಿ, ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಅರಿಜೋನಾ ಮರುಭೂಮಿಯ ಲೇಕ್ ಹವಾಸು ಎಂಬ ಊರಿನಲ್ಲಿ ಮತ್ತೆ ಕಟ್ಟಿಸಿದ. 1971ರಲ್ಲಿ ಅದು ತೆರೆಯಿತು. ಅವನ ಚೈನ್ ಸಾ ಕಾರ್ಖಾನೆಯೂ ಅದೇ ಊರಿನಲ್ಲಿತ್ತು. ಸೇತುವೆ ಈಗಲೂ ಇದೆ, ನೋಡಲು ಜನ ಹೋಗುತ್ತಾರೆ. ಕಾರ್ಖಾನೆ ಇಲ್ಲ. 1999ರಲ್ಲಿ ಕಂಪನಿ ದಿವಾಳಿಯೆದ್ದಿತು. ಹೆಸರು ಮಾತ್ರ ಸ್ವೀಡನ್ನಿನ ಹಸ್ಕ್ವಾರ್ನಾ ಪಾಲಾಗಿದೆ.

ಅಲ್ಲಿಂದ ಹೊರಬಿದ್ದ ಹಳದಿ ಮೆಷಿನ್‌ಗಳು ಮಾತ್ರ ಎಲ್ಲೆಲ್ಲೋ ಉಳಿದುಕೊಂಡಿವೆ. ನಾನಿರುವ ಆರೆಗನ್ ರಾಜ್ಯ ಮರದ ನಾಡು. ಇಲ್ಲಿನ ಹಳೇ ಮನೆಗಳ ಗ್ಯಾರೇಜಿನಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ನಮ್ಮ ಬೀದಿಯ ತುದಿಯಲ್ಲಿರುವ ಹಿರಿಯರೊಬ್ಬರು ಅಂಥವನ್ನು ಹುಡುಕಿ ತಂದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದಾರೆ. ಮೆಕಲಕ್, ಹೋಮ್‌ಲೈಟ್, ಕೆನಡಾದ ಪಯೋನಿಯರ್, ಸ್ವೀಡನ್ನಿನ ಕೆಂಪು ಜಾನ್ಸರೆಡ್. ಪ್ರಾಯದಲ್ಲಿ ಡಗ್ಲಸ್ ಫರ್ ಮರ ಉರುಳಿಸಿ ಬದುಕಿದವರು ಅವರು. ನಾನು ಮಲೆನಾಡಿನವನು, ಹಸಿ ಮರದ ಹೊಟ್ಟಿನ ವಾಸನೆ ಬಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ನಾವಿಬ್ಬರೂ ಬೇಗ ಹೊಂದಿಕೊಂಡೆವು.

ಈ ಯಂತ್ರ ಒಬ್ಬನ ಕೈಗೆ ಹಗುರಾಗಲು ಸುಮಾರು ಕಾಲು ಶತಮಾನ ಹಿಡಿಯಿತು. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಮಾಡಿದ ಕರೆಂಟಿನ ಗರಗಸ 64 ಕಿಲೋ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಬೆಟ್ಟದ ಮೇಲೆ ಓಡಿಸಿ ನೋಡಿದ. ಕಂಪನಿಗೂ ಬೆಟ್ಟದ ಹೆಸರೇ ನಿಂತಿತು. ಅದೂ ಇಬ್ಬರ ಹೊರೆಯೇ. 1949ರ ಮೆಕಲಕ್ 3-25 ಬಂದಾಗ ತೂಕ 25 ಪೌಂಡಿಗೆ ಇಳಿದಿತ್ತು. ಹಲ್ಲಿನ ಕಥೆ ಇನ್ನೂ ಚೆಂದ. 1946ರಲ್ಲಿ ಇದೇ ಆರೆಗನ್ನಿನ ಕಾಡಿನಲ್ಲಿ ಸೌದೆ ಒಡೆಯುತ್ತಿದ್ದ ಜೋಸೆಫ್ ಕಾಕ್ಸ್, ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳುವನ್ನು ಕಂಡ. ಮರದ ನಾರು ಉದ್ದಕ್ಕಿರಲಿ, ಅಡ್ಡಕ್ಕಿರಲಿ, ಅದಕ್ಕೆ ಲೆಕ್ಕವಿಲ್ಲ. ಎರಡು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ತನ್ನಷ್ಟಕ್ಕೆ ಕೊರೆಯುತ್ತಿತ್ತು. ಕಾಕ್ಸ್ ಆ ದವಡೆಯ ಆಕಾರವನ್ನು ಉಕ್ಕಿಗೆ ತಂದ. 1947ರಲ್ಲಿ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ಚೈನ್ ತಯಾರಿಸತೊಡಗಿದ. ಕೊಡಗಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕೊಯ್ಯುವ ಮೆಷಿನ್ನಿನ ಹಲ್ಲೂ ಇಂದಿಗೆ ಆ ಹುಳುವಿನ ವಂಶದ್ದೇ.

ಹಿರಿಯರಿಗೆ ಪ್ರಿಯವಾದದ್ದು ಮೆಕಲಕ್ 10-10. 54 ಸಿಸಿ ಇಂಜಿನ್, ಮೆಗ್ನೀಸಿಯಂ ಮೈ. ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಇಂಥದೊಂದು ಕಿಡಿಯನ್ನೇ ಕೊಡುತ್ತಿರಲಿಲ್ಲ. ಅವರು ಸ್ಟಾರ್ಟರ್ ಕವರ್ ತೆಗೆದು ಫ್ಲೈವೀಲ್ ಕಳಚಿದರು. ಒಳಗೆ ಕಿಡಿಯನ್ನು ನಿಯಂತ್ರಿಸುವ, ಕಿರುಬೆರಳ ಉಗುರಿಗಿಂತ ಚಿಕ್ಕ ಪಾಯಿಂಟ್. ವರ್ಷಗಟ್ಟಲೆ ಕೂತು ಅದರ ಮುಖಕ್ಕೆ ಬೂದು ಪೊರೆ ಕಟ್ಟಿತ್ತು. ಜೇಬಿನಿಂದ ಯಾರದೋ ವಿಸಿಟಿಂಗ್ ಕಾರ್ಡ್ ತೆಗೆದು ನಡುವೆ ತೂರಿಸಿ ಎಳೆದರು. ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡಿತು. ಗೆರೆ ಬರುವುದು ನಿಲ್ಲುವ ತನಕ ಎಳೆದರು, ಫೀಲರ್ ಗೇಜ್ ಇಟ್ಟು ಸಂದು ಅಳೆದರು, ಎಲ್ಲವನ್ನೂ ಮತ್ತೆ ಬಿಗಿದರು. ಚೋಕ್ ಎಳೆದು ದಾರ ಜಗ್ಗಿದರೆ ಮೊದಲು ಒಂದು ಕೆಮ್ಮು, ನೀಲಿ ಹೊಗೆ, ಆಮೇಲೆ ಎದೆಗೂಡಿಗೇ ಬಂದು ತಾಗುವ ಗಡಸು ದನಿ. ಇಂದಿನ ಗರಗಸಗಳು ನಿಮಿಷಕ್ಕೆ 13 ಸಾವಿರ ಸುತ್ತು ತಿರುಗಿ ಕಿರುಚುತ್ತವೆ; ಇದು ಗುಟುರು ಹಾಕುತ್ತದೆ. ಚೈನಿಗೆ ಎಣ್ಣೆ ಬೇಕಾದಾಗ ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಮರೆತರೆ ಬಾರ್ ಹೊಗೆಯಾಡಿ ನೆನಪಿಸುತ್ತದೆ.

ಹೊಸ ಗರಗಸ ಹಗುರ, ಬೇಗ ಕೊಯ್ಯುತ್ತದೆ, ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಆದರೆ ಅದರ ಇಗ್ನಿಷನ್ ರಾಳದಲ್ಲಿ ಮುಚ್ಚಿದ ಒಂದು ಉಂಡೆ, ಕೆಟ್ಟರೆ ಬಿಸಾಡಬೇಕು. ಕೆಲವು ಮಾದರಿಗಳಲ್ಲಿ ಕಾರ್ಬ್ಯುರೇಟರನ್ನು ಸಣ್ಣ ಕಂಪ್ಯೂಟರೇ ಹೊಂದಿಸಿಕೊಳ್ಳುತ್ತದೆ, ತಿರುಗಿಸಲು ಸ್ಕ್ರೂ ಇಲ್ಲ. ಒಂದು ಸ್ಕ್ರೂ ಡ್ರೈವರ್, ಒಂದು ಅರ, ಸ್ವಲ್ಪ ತಾಳ್ಮೆ ಇದ್ದರೆ ಯಾರು ಬೇಕಾದರೂ ಬಿಚ್ಚಿ ಅರ್ಥ ಮಾಡಿಕೊಳ್ಳಬಹುದಾದ ಯಂತ್ರ ಮರೆಯಾಗುತ್ತಿದೆಯಲ್ಲ, ನನ್ನ ಸಂಕಟ ಅದಕ್ಕೆ. ಮೈಸೂರಿನ ಯಾದವಗಿರಿ ಕಾರ್ಖಾನೆಯ ಜಾವಾ, ಯೆಜ್ದಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಟು ಸ್ಟ್ರೋಕ್, ಅದೇ ಪಾಯಿಂಟು, ಅದೇ ಹೊಗೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ಜುಲೈನಲ್ಲಿ ಗಾಡಿಗಳನ್ನು ಉಜ್ಜಿ ತೊಳೆದು ರಸ್ತೆಗಿಳಿಸುವ ಜನ ಇದ್ದಾರೆ. ಇಲ್ಲಿಯವರೂ ಹಾಗೆಯೇ, ಯಾರದೋ ಹೊಲದಲ್ಲಿ ಬಿದ್ದ ಮರದ ದಿಮ್ಮಿ ಇದೆಯೆಂದರೆ ಟ್ರಕ್ ತುಂಬ ಗರಗಸ ಹೇರಿಕೊಂಡು ಸೇರುತ್ತಾರೆ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಸಂಜೆಗೆ ಮನೆಗೆ ಹೋಗುತ್ತಾರೆ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಮೆಕಲಕ್ ಕಂಪನಿಯದೇ ಮಿನಿ ಮ್ಯಾಕ್ ಬಿಚ್ಚಿದರೆ ಮೆಕ್ಯಾನಿಕ್ಕಿನ ಬಾಯಲ್ಲಿ ಬೈಗುಳ ಬರುತ್ತದೆ. ಕಂಪನ ತಡೆಯುವ ಹಿಡಿಕೆ ಬಂದದ್ದು ಅರವತ್ತರ ದಶಕದಲ್ಲಿ, ಚೈನ್ ಬ್ರೇಕ್ ಎಪ್ಪತ್ತರ ದಶಕದಲ್ಲಿ. ಅದಕ್ಕೆ ಮುಂಚೆ ದುಡಿದವರ ಕೈಯನ್ನು ನೋಡಬೇಕು. ಚಳಿ ಬಿದ್ದರೆ ನಮ್ಮ ಹಿರಿಯರ ಬೆರಳುಗಳು ಬಿಳುಚಿ ಮರಗಟ್ಟುತ್ತವೆ, ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಾರೆ. ಕಿವಿ ಮಂದ, ಹತ್ತಿರ ಹೋಗಿ ಜೋರಾಗಿ ಮಾತಾಡಬೇಕು. ಆ ಮೆಷಿನ್ನಿನ ಮೇಲೆ ಅವರಿಗೆ ಸಿಟ್ಟಿಲ್ಲ. ನಾನಾಗಿದ್ದರೆ ಇರುತ್ತಿತ್ತೋ ಏನೋ.

ಮಲೆನಾಡಿನವನಾದ ನನಗೆ ಇನ್ನೊಂದು ಮುಜುಗರವೂ ಇದೆ. ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸಕ್ಕೆ ದಿನವಿಡೀ ಹಿಡಿಯುತ್ತಿದ್ದ ಮರವನ್ನು ನಿಮಿಷಗಳಲ್ಲಿ ಕೆಡವಿದ್ದು ಇದೇ ಯಂತ್ರ. ಆರೆಗನ್ನಿನಲ್ಲೂ ಶತಮಾನಗಳ ಮರಗಳು ಹೀಗೆಯೇ ಹೋದವು. ಕೊನೆಗೆ 1990ರಲ್ಲಿ ಇಲ್ಲಿನ ಚುಕ್ಕೆ ಗೂಬೆಯನ್ನು ಅಳಿವಿನ ಅಪಾಯದ ಪಟ್ಟಿಗೆ ಸೇರಿಸಿದ ಮೇಲೆ ಸರ್ಕಾರಿ ಕಾಡಿನ ಕಡಿತಕ್ಕೆ ಕಡಿವಾಣ ಬಿತ್ತು, ಮಿಲ್ಲುಗಳು ಮುಚ್ಚಿದವು. ಉಳಿದ ಕಡೆ ದೊಡ್ಡ ಯಂತ್ರಗಳೇ ಮರವನ್ನು ತಬ್ಬಿ ಕತ್ತರಿಸತೊಡಗಿದವು. ಕೈಗರಗಸದವರ ಹೊಟ್ಟೆಗೆ ಕಲ್ಲು ಹಾಕಿದ ಯಂತ್ರಕ್ಕೂ ಹೀಗೆ ಅವರದೇ ಗತಿ ಬಂತು. ಕಾಡು ಉಳಿದದ್ದಕ್ಕೆ ಸಂತೋಷ, ಯಂತ್ರ ಹೋದದ್ದಕ್ಕೆ ಬೇಸರ, ಎರಡೂ ನನ್ನೊಳಗೆ ಒಟ್ಟಿಗೆ ಇವೆ. ಜಗಳ ಬಿಡಿಸುವ ಗೋಜಿಗೆ ನಾನು ಹೋಗಿಲ್ಲ.

ಕ್ಯಾಲಿಫೋರ್ನಿಯಾ 2021ರಲ್ಲೇ ಕಾನೂನು ಮಾಡಿ ಹಲವು ಬಗೆಯ ಸಣ್ಣ ಪೆಟ್ರೋಲ್ ಇಂಜಿನ್ನುಗಳ ಹೊಸ ಮಾರಾಟಕ್ಕೆ ತೆರೆ ಎಳೆಯುವ ದಾರಿ ಹಿಡಿದಿದೆ. ಬ್ಯಾಟರಿ ಗರಗಸಗಳು ಅಂಗಡಿ ತುಂಬಿವೆ. ಹಳೆಯವುಗಳ ಬಿಡಿಭಾಗಕ್ಕೆ ಸತ್ತ ಗರಗಸಗಳೇ ಗತಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಾರ್ಬ್ಯುರೇಟರಿನ ಹಳೆಯ ರಬ್ಬರ್ ಪೊರೆಯನ್ನು ಗಟ್ಟಿ ಮಾಡಿ ಕೆಡಿಸುತ್ತದೆ, ಪೈಪನ್ನು ಅಂಟಂಟು ಮಾಡುತ್ತದೆ.

ಭಾರತದ ಪೆಟ್ರೋಲಿಗೂ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿದೆ. ಆದರೂ ಚಿಕ್ಕಮಗಳೂರಿನ ಯಾವುದೋ ತೋಟದ ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಚೈನ್ ಸಾ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಎಥನಾಲಿನ ಕಾಟ ತಪ್ಪಿಸಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ದಾರವನ್ನು ಮೆಲ್ಲಗೆ ಎಳೆದು ಒಣ ಜಾಗದಲ್ಲಿಡಿ. ಓಡಿಸುವ ಆಸೆಯಿದ್ದರೆ ಬಿದ್ದ ಮರ ಮಾತ್ರ ಕೊಯ್ಯಿರಿ, ಹೆಲ್ಮೆಟ್ ಹಾಕಿ, ಕಿವಿ ಮುಚ್ಚಿಕೊಳ್ಳಿ. ಅದಕ್ಕೆ ಬ್ರೇಕ್ ಇಲ್ಲ.