ಕಂಗಿನ ಬುಡದಲ್ಲಿ

ಶಿರ್ತಾಡಿಯ ಒಂದು ಅಡಿಕೆ ತೋಟ. ಆಟಿ ತಿಂಗಳ ಮಳೆ ಈಗಷ್ಟೇ ಹೊಳವಾಗಿದೆ. ಕೊಳೆರೋಗಕ್ಕೆ ಮದ್ದು ಬಿಡಲು ಏರಿದವನ ಕಾಲಿನ ತಳೆಬಳ್ಳಿ ಪಾಚಿಗೆ ಜಾರಿ, ಅವನೀಗ ಕಂಗಿನ ಬುಡದಲ್ಲಿ ಅಂಗಾತ ಬಿದ್ದಿದ್ದಾನೆ. ಅಂಗಿಯಿಡೀ ಬೋರ್ಡೋ ದ್ರಾವಣದ ನೀಲಿ.

"ಎತ್ತಿ ಮಾರಾಯ್ರೆ, ಜೀಪಿಗೆ ಹಾಕುವ!"

ಒಬ್ಬರು ಕಂಕುಳಿಗೆ, ಒಬ್ಬರು ಕಾಲಿಗೆ ಕೈ ಹಾಕಿಯಾಗಿದೆ. ಕೆಲಸ ಕೆಡುವುದು ಇಲ್ಲೇ.

"ಬಿಡಿ ಅಣ್ಣ, ಮುಟ್ಟಬೇಡಿ. 108ಕ್ಕೆ ಫೋನ್ ಮಾಡಿ." ಓಡಿ ಬಂದ ದಾದಿ ಕೆಸರಿಗೇ ಮೊಣಕಾಲೂರಿ, ನಿಮ್ಮನ್ನು ಅವನ ತಲೆಯ ಬಳಿ ಕೂರಿಸುತ್ತಾರೆ. ನಿಮ್ಮ ಎರಡೂ ಅಂಗೈ ಅವನ ಕಿವಿಗಳ ಮೇಲೆ: ತಲೆ ಎಳೆಯಬಾರದು, ತಿರುಗಲು ಬಿಡಬಾರದು, ಅಷ್ಟೇ.

ದಾದಿ ಮೊದಲು ನೋಡುವುದು ಕುತ್ತಿಗೆಯನ್ನಲ್ಲ, ಉಸಿರನ್ನು. ಹೊಟ್ಟೆ ಏರುತ್ತಿದೆ, ಎದೆ ಕುಸಿಯುತ್ತಿದೆ. ವಪೆಯನ್ನು ನಡೆಸುವ ನರಗಳು ಕುತ್ತಿಗೆಯ 3ರಿಂದ 5ನೇ ಮಟ್ಟದಲ್ಲಿ ಹೊರಡುತ್ತವೆ. ಅವು ಉಳಿದಿವೆ, ಪಕ್ಕೆಲುಬಿನ ಸ್ನಾಯುಗಳು ಕೈಕೊಟ್ಟಿವೆ. ನಾಡಿ ನಿಧಾನ, ಮೈ ಬೆಚ್ಚಗೆ. ರಕ್ತ ಹೋಗಿದ್ದರೆ ನಾಡಿ ಓಡಬೇಕಿತ್ತು.

"ಎಲ್ಲಿ ನೋವು?"

"ಕುತ್ತಿಗೆ ಮಾತ್ರ ಅಕ್ಕ."

ಬಲಗಾಲಿನ ಮೂಳೆ ಮುರಿದು ಸೊಟ್ಟಗಾಗಿದೆ. ಅದು ನೋಯುತ್ತಿಲ್ಲ ಎಂಬುದೇ ಕೆಟ್ಟ ಸುದ್ದಿ.

"ಕೈ ಮಡಚಿ." ಮಡಚುತ್ತಾನೆ. ಮಣಿಕಟ್ಟನ್ನೂ ಮೇಲೆತ್ತುತ್ತಾನೆ. "ಈಗ ನೀಡಿ." ಮೊಣಕೈ ನೆಟ್ಟಗಾಗುವುದಿಲ್ಲ. ಹೆಬ್ಬೆರಳು ಮುಟ್ಟಿದ್ದು ಗೊತ್ತಾಗುತ್ತದೆ, ನಡುಬೆರಳು ಮಸುಕು, ಕಿರುಬೆರಳು ಇಲ್ಲವೇ ಇಲ್ಲ. 6ನೇ ಮಟ್ಟದವರೆಗೆ ಸರಿ, 7ರಿಂದ ಕೆಳಗೆ ಮೌನ. ಯಂತ್ರವಿಲ್ಲದೆ ಇಷ್ಟು ತಿಳಿಯಿತು.

ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಮೂರಡಿ ಮೇಲಿಂದ ಬಿದ್ದರೂ ಕುತ್ತಿಗೆಯ ಚಿತ್ರ ತೆಗೆಯಲೇಬೇಕು. ಕಂಗಿನ ಮರದ ಎದುರು ಮೂರಡಿ! ಇಲ್ಲಿ ಚರ್ಚೆಯೇ ಬೇಡ, ಸಿಟಿ ಸ್ಕ್ಯಾನ್ ಆಗಬೇಕು. ಸಾದಾ ಎಕ್ಸ್‌ರೇಯಲ್ಲಿ ಹೆಗಲಿನ ನೆರಳು 7ನೇ ಕಶೇರುವನ್ನೇ ಮುಚ್ಚಿಬಿಡುವುದುಂಟು.

ಆಂಬುಲೆನ್ಸ್ ಬಂತು. ತಲೆ ಹಿಡಿದವರೇ ಎಣಿಸಬೇಕು. ನೀವು "ಒಂದು, ಎರಡು, ಮೂರು" ಅಂದಾಗ ನಾಲ್ವರು ಅವನನ್ನು ಒಂದೇ ಮರದ ದಿಮ್ಮಿಯಂತೆ ಹೊರಳಿಸುತ್ತಾರೆ. ದಾದಿಯ ಬೆರಳು ಬೆನ್ನುಮೂಳೆಯ ಸಾಲಿನಲ್ಲಿ ಇಳಿಯುತ್ತದೆ, ಕತ್ತಿನ ಬುಡದಲ್ಲಿ ಅವನು ಚೀರುತ್ತಾನೆ. ಹಲಗೆಯ ಮೇಲೆ ತಲೆಯ ಎರಡೂ ಬದಿಗೆ ಸುತ್ತಿದ ಬೈರಾಸು.

ಮೂಡುಬಿದಿರೆ ದಾಟಿ ಮಂಗಳೂರು ಸೇರುವಷ್ಟರಲ್ಲಿ ಬಾವು ಹೆಚ್ಚಿ ಈಗ ಆಡುವ ಕೈಯೂ ನಿಲ್ಲಬಹುದು. ಅದಕ್ಕೇ ಬಾಗಿಲು ಹಾಕುವ ಮೊದಲು ದಾದಿ ಚೀಟಿಯಲ್ಲಿ ಬರೆದುಕೊಡುತ್ತಾರೆ: 10.40, ಎರಡೂ ಕೈ ಮಡಚುತ್ತಾನೆ, ನೀಡಲಾರ.